ಆಕ್ರೋಶ ಪರೀಷಹ ಮತ್ತು ಆರಕ್ಷಕನ ಧರ್ಮ

ಮಾಡಿದ ಕೆಲಸಕ್ಕೆ ಮನ್ನಣೆ ದೊರೆಯಲೆಂದು ಬಯಸುವುದು ಮನುಷ್ಯಸಹಜವಾದ ಗುಣ. ಉಪಾಧ್ಯಾಯನಿಗೆ ಶಿಷ್ಯರ ನಮಸ್ಕಾರವಿದೆ. ವೈದ್ಯನಿಗೆ ಗುಣಮುಖನಾದ ರೋಗಿಯ ಕೃತಜ್ಞತೆಯಿದೆ. ರೈತನಿಗೆ ಕಣದಲ್ಲಿ ರಾಶಿಯಾದ ಧಾನ್ಯವೇ ಮನ್ನಣೆ. ಆದರೆ ಯಾರ ನೆಮ್ಮದಿಗಾಗಿ ನಿದ್ದೆಗೆಡುತ್ತಾನೆಯೋ ಅವರಿಂದಲೇ ಸಂಶಯ, ಭಯ, ತಿರಸ್ಕಾರಗಳನ್ನು ಪಡೆಯುವ ವೃತ್ತಿಯೊಂದಿದೆ. ಅದು ಆರಕ್ಷಕನ ವೃತ್ತಿ. ಗೌರವ ದೊರೆಯದ ಕಡೆಯಲ್ಲಿ ಕರ್ತವ್ಯನಿಷ್ಠೆಯನ್ನು ಉಳಿಸಿಕೊಳ್ಳುವುದು ಹೇಗೆ ಎಂಬುದು ಪೊಲೀಸ್ ಇಲಾಖೆಯ ಆಡಳಿತ ಸಮಸ್ಯೆಯಷ್ಟೇ ಅಲ್ಲ, ಅದೊಂದು ಧರ್ಮಪ್ರಶ್ನೆ. ಜೈನಾಚಾರ್ಯರು ಈ ಪ್ರಶ್ನೆಯನ್ನು ಬೇರೊಂದು ಸಂದರ್ಭದಲ್ಲಿ ಬಹು ಸೂಕ್ಷ್ಮವಾಗಿ ವಿವೇಚಿಸಿದ್ದಾರೆ.

ಮೈಸೂರಿನಿಂದ ಮಡಿಕೇರಿಗೆ ಹೋಗುವ ಹೆದ್ದಾರಿಯಲ್ಲಿ, ಹುಣಸೂರನ್ನು ದಾಟಿ ಪಿರಿಯಾಪಟ್ಟಣವನ್ನು ಸೇರುವ ಮೊದಲು ಕಂಪಲಾಪುರ ಸಿಗುತ್ತದೆ. ತಂಬಾಕು ಹರಾಜಿನ ತಿಂಗಳುಗಳಲ್ಲಿ ಬೇಲುಗಳನ್ನು ಹೊತ್ತ ವಾಹನಗಳು, ಕೊಡಗಿಗೆ ಧಾವಿಸುವ ಪ್ರವಾಸಿಗರ ಕಾರುಗಳು, ಶಾಲೆಯ ಮಕ್ಕಳು, ಸಂತೆಯ ಜನ ಎಲ್ಲರೂ ಒಂದೇ ರಸ್ತೆಯನ್ನು ಹಂಚಿಕೊಳ್ಳಬೇಕು. ಇಂಥ ರಸ್ತೆಯ ಬಿಸಿಲಿನಲ್ಲಿ ನಿಂತ ಪೇದೆಯೊಬ್ಬನು ಶಿರಸ್ತ್ರಾಣವಿಲ್ಲದ ಸವಾರನನ್ನು ತಡೆದರೆ ಅವನಿಗೆ ದೊರೆಯುವುದೇನು? ಸವಾರನ ಮುನಿಸು, ಪರಿಚಿತ ಮುಖಂಡರೊಬ್ಬರ ದೂರವಾಣಿ ಕರೆ, ‘ಹಣಕ್ಕಾಗಿಯೇ ನಿಂತಿದ್ದಾನೆ’ ಎಂಬ ಪಿಸುಮಾತು. ತಡೆಯದೆ ಬಿಟ್ಟು, ಮುಂದಿನ ತಿರುವಿನಲ್ಲಿ ಅಪಘಾತವಾದರೆ ‘ಪೊಲೀಸರು ಎಲ್ಲಿ ಸತ್ತಿದ್ದರು’ ಎಂಬ ಪ್ರಶ್ನೆ. ಆಗದೆ ಹೋದ ಅಪಘಾತವನ್ನು ಯಾರೂ ಎಣಿಸುವುದಿಲ್ಲ; ನಡೆಯದೆ ಹೋದ ಕಳವಿಗೆ ಯಾರೂ ಕೃತಜ್ಞರಾಗುವುದಿಲ್ಲ. ಅನಿಷ್ಟವನ್ನು ತಡೆಯುವವನ ಸಾಧನೆಯು ಕಣ್ಣಿಗೆ ಕಾಣದು, ಅವನ ಲೋಪ ಮಾತ್ರ ಎಲ್ಲರಿಗೂ ಕಾಣುತ್ತದೆ.

ಹಾಗೆಂದು ಜನರ ಅಗೌರವವೆಲ್ಲ ಅಕಾರಣವೆಂದು ಹೇಳುವುದು ಸತ್ಯಾಣುವ್ರತಕ್ಕೆ ಭಂಗ. 1861ರ ಪೊಲೀಸ್ ಕಾಯಿದೆ ರೂಪುಗೊಂಡದ್ದು 1857ರ ದಂಗೆಯ ಬೆನ್ನಿನಲ್ಲಿ. ಪ್ರಜೆಯ ಸೇವೆಗಿಂತ ಪ್ರಭುತ್ವದ ರಕ್ಷಣೆಯೇ ಅಂದಿನ ಪೊಲೀಸ್ ವ್ಯವಸ್ಥೆಯ ಮುಖ್ಯ ಉದ್ದೇಶವಾಗಿತ್ತು. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತಾಗಿ ಬಳಸಬಾರದೆಂದು 1872ರ ಸಾಕ್ಷ್ಯ ಅಧಿನಿಯಮವು ವಿಧಿಸಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಆ ತತ್ತ್ವವನ್ನು ಉಳಿಸಿಕೊಂಡಿದೆ. ಆರಕ್ಷಕನ ಮಾತನ್ನು ಶಾಸನವೇ ಪೂರ್ಣವಾಗಿ ನಂಬದಿರುವುದಕ್ಕೆ ಠಾಣೆಗಳಲ್ಲಿ ನಡೆದ ಬಲಾತ್ಕಾರದ ಅನುಭವವೇ ಕಾರಣ. ಲಂಚ, ಪಕ್ಷಪಾತ, ಬಡವನ ಮೇಲೆ ಗದರಿಕೆ, ಬಲ್ಲಿದನ ಮುಂದೆ ನಯ ಇವುಗಳನ್ನು ಕಂಡ ಜನರು ಸಮವಸ್ತ್ರವನ್ನು ಕಂಡೊಡನೆ ಕೈ ಮುಗಿಯಬೇಕೆಂದು ನಿರೀಕ್ಷಿಸಲಾಗದು. ಒಬ್ಬರ ತಪ್ಪಿನ ಹೊರೆಯನ್ನು ಮತ್ತೊಬ್ಬರು ಹೊರಬೇಕಾಗಿರುವುದೇ ಪ್ರಾಮಾಣಿಕ ಆರಕ್ಷಕನ ದುಃಖ.

ಇಲ್ಲಿ ಶ್ರಾವಕರಲ್ಲಿ ಸಹಜವಾಗಿ ಏಳುವ ಮೊದಲ ಶಂಕೆಯೊಂದಿದೆ: ದಂಡವನ್ನು ಹಿಡಿಯುವ ಈ ವೃತ್ತಿಯೇ ಅಹಿಂಸೆಗೆ ವಿರುದ್ಧವಲ್ಲವೆ? ಜೈನ ಪರಂಪರೆಯು ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದೆ. ಇವುಗಳಲ್ಲಿ ಗೃಹಸ್ಥನು ಸಂಪೂರ್ಣವಾಗಿ ತ್ಯಜಿಸಬೇಕಾದದ್ದು ಸಂಕಲ್ಪೀ ಹಿಂಸೆಯನ್ನು. ಆಕ್ರಮಣವನ್ನು ತಡೆಯುವಾಗ ಅನಿವಾರ್ಯವಾಗಿ ಒದಗುವ ವಿರೋಧೀ ಹಿಂಸೆಯನ್ನು ಅವನು ಮಿತಿಗೊಳಿಸಬೇಕು. ಪೂರ್ಣವಾಗಿ ಬಿಡುವುದು ಮುನಿಧರ್ಮ. ಗಂಗರ ಸೇನಾನಿಯಾಗಿದ್ದ ಚಾವುಂಡರಾಯನೇ ಶ್ರವಣಬೆಳಗೊಳದ ಗೊಮ್ಮಟನನ್ನು ನಿಲ್ಲಿಸಿದನೆಂಬುದು ಎಲ್ಲರಿಗೂ ತಿಳಿದ ಸಂಗತಿ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಅಹಿಂಸಾಣುವ್ರತಕ್ಕೆ ದೃಷ್ಟಾಂತವಾಗಿ ಸ್ಮರಿಸುವುದು ವಧೆಯ ಕಾಯಕದಲ್ಲಿದ್ದ ಮಾತಂಗನನ್ನು; ಅಬ್ರಹ್ಮದ ಕೇಡಿಗೆ ದೃಷ್ಟಾಂತವಾಗಿ ಹೆಸರಿಸುವುದು ಒಬ್ಬ ಆರಕ್ಷಕನನ್ನು. ವೃತ್ತಿಯು ತಾನಾಗಿಯೇ ಯಾರನ್ನೂ ಪಾವನಗೊಳಿಸುವುದಿಲ್ಲ, ಯಾರನ್ನೂ ಪತಿತಗೊಳಿಸುವುದಿಲ್ಲ ಎಂಬುದು ಈ ಎರಡು ನಿದರ್ಶನಗಳಿಂದ ಸ್ಪಷ್ಟವಾಗುತ್ತದೆ. ಸಂಕಲ್ಪವೇ ಎಲ್ಲಕ್ಕೂ ಮೂಲ. ಓಡುವ ಕಳ್ಳನನ್ನು ಹಿಡಿಯಲು ಬಳಸಿದ ಬಲ ಒಂದು. ಕೈಗೆ ಸಿಕ್ಕವನನ್ನು ಕೋಪದಿಂದ ಹೊಡೆಯುವ ಬಲ ಇನ್ನೊಂದು. ಎರಡನೆಯದು ಶುದ್ಧ ಸಂಕಲ್ಪೀ ಹಿಂಸೆ; ಅದಕ್ಕೆ ಸಮವಸ್ತ್ರದ ಮರೆಯಿಲ್ಲ.

ಅಗೌರವದ ನಡುವೆ ಆರಕ್ಷಕನು ಹೇಗಿರಬೇಕೆಂಬುದಕ್ಕೆ ಈ ಸೀಮೆಯವರು ದೂರದ ಉದಾಹರಣೆಯನ್ನು ಹುಡುಕಬೇಕಾಗಿಲ್ಲ. ಹುಣಸೂರು ಸೀಮೆಯ ಕಲ್ಲಹಳ್ಳಿಯನ್ನು ಆಳಿದ ಜೈನ ಪ್ರಭು, ಕವಿ ಮೂರನೆಯ ಮಂಗರಸನು 16ನೆಯ ಶತಮಾನದ ಆದಿಭಾಗದಲ್ಲಿ ‘ಸಮ್ಯಕ್ತ್ವ ಕೌಮುದಿ’ಯನ್ನು ಕನ್ನಡದಲ್ಲಿ ರಚಿಸಿದನು. ಸಮ್ಯಕ್ತ್ವ ಕೌಮುದಿಯ ಕಥಾಪರಂಪರೆಯಲ್ಲಿ ಹಸ್ತಿನಾಪುರದ ತಳವಾರ ಯಮದಂಡನ ಕಥೆಯೊಂದು ಬರುತ್ತದೆ. ಯಮನ ದಂಡವೆಂಬ ಅವನ ಹೆಸರೇ ತಳವಾರನ ಬಗೆಗೆ ಜನಕ್ಕಿದ್ದ ಅಂಜಿಕೆಯನ್ನು ಹೇಳುವಂತಿದೆ. ಆದರೆ ಈ ಯಮದಂಡನು ಜನಪ್ರಿಯನಾಗಿದ್ದನು.

ಅರಸ ಸುಯೋಧನನು ಶತ್ರುವಿನ ಮೇಲೆ ದಂಡೆತ್ತಿ ಹೋಗುವಾಗ ನಗರದ ರಕ್ಷಣೆಯನ್ನು ಯಮದಂಡನಿಗೆ ಒಪ್ಪಿಸಿದನು. ಅವನು ಪುರವನ್ನು ಎಷ್ಟು ಚೆನ್ನಾಗಿ ಕಾಪಾಡಿದನೆಂದರೆ, ಮರಳಿ ಬಂದ ಅರಸನು ಕ್ಷೇಮವನ್ನು ವಿಚಾರಿಸಿದಾಗ ಪ್ರಜೆಗಳು ಯಮದಂಡನ ದಯೆಯಿಂದ ಸುಖವಾಗಿದ್ದೇವೆ ಎಂದುತ್ತರಿಸಿದರು. ಅರಸನ ಎದೆಯಲ್ಲಿ ಮತ್ಸರ ಮೊಳೆಯಿತು. ಮಂತ್ರಿ, ಪುರೋಹಿತರೊಡನೆ ಸೇರಿ ತನ್ನ ಭಂಡಾರಕ್ಕೆ ತಾನೇ ಕನ್ನವಿಕ್ಕಿ, ಏಳು ದಿನಗಳಲ್ಲಿ ಕಳ್ಳನನ್ನು ಹಿಡಿದು ತರದಿದ್ದರೆ ಪ್ರಾಣದಂಡನೆಯೆಂದು ಯಮದಂಡನಿಗೆ ವಿಧಿಸಿದನು. ಕನ್ನದ ಬಾಯಿಯಲ್ಲಿ ಯಮದಂಡನಿಗೆ ದೊರೆತವು ಅರಸನ ಪಾದುಕೆ, ಮಂತ್ರಿಯ ಮುದ್ರಿಕೆ, ಪುರೋಹಿತನ ಯಜ್ಞೋಪವೀತ. ಕಳ್ಳರು ಯಾರೆಂಬುದು ಆ ಕ್ಷಣವೇ ಅವನಿಗೆ ಗೊತ್ತಾಯಿತು. ಆದರೂ ಅವನು ಕೋಪದಿಂದ ಕೂಗಲಿಲ್ಲ, ಓಡಿಹೋಗಲಿಲ್ಲ, ಅಮಾಯಕನೊಬ್ಬನನ್ನು ಹಿಡಿದು ತಂದು ತನ್ನ ತಲೆಯನ್ನು ಉಳಿಸಿಕೊಳ್ಳಲಿಲ್ಲ. ದಿನಕ್ಕೊಂದರಂತೆ ಅರಸನಿಗೆ ಕಥೆಗಳನ್ನು ಹೇಳಿದನು. ಆಶ್ರಯವೇ ಅಪಾಯವಾದರೆ ಗತಿಯೇನು ಎಂಬುದೇ ಆ ಕಥೆಗಳ ಸಾರ. ಅರಸನು ತಿಳಿದೂ ತಿದ್ದಿಕೊಳ್ಳಲಿಲ್ಲ. ಏಳನೆಯ ದಿನ ಯಮದಂಡನು ಆ ಮೂರು ವಸ್ತುಗಳನ್ನು ಮಹಾಜನರ ಸಭೆಯ ಮುಂದಿಟ್ಟನು. ಸತ್ಯವನ್ನರಿತ ಮಹಾಜನರು ಅಪರಾಧಿಗಳಾದ ಮೂವರನ್ನೂ ಅಧಿಕಾರದಿಂದ ಇಳಿಸಿ ಹೊರಗಟ್ಟಿದರು.

ಈ ಕಥೆಯಲ್ಲಿ ಮೂರು ಅಂಶಗಳು ವಿಚಾರಣೀಯ. ಮೊದಲನೆಯದಾಗಿ, ಪ್ರಜೆಗಳ ಹೊಗಳಿಕೆಯೇ ಯಮದಂಡನಿಗೆ ಮುಳುವಾಯಿತು. ಗೌರವವು ಬಂದಂತೆಯೇ ಆಪತ್ತನ್ನೂ ತರಬಹುದು. ಆದ್ದರಿಂದ ಅದು ಕರ್ತವ್ಯಕ್ಕೆ ಸ್ಥಿರವಾದ ಬುನಾದಿಯಾಗಲಾರದು. ಎರಡನೆಯದಾಗಿ, ಅವನನ್ನು ಉಳಿಸಿದ್ದು ಅವನ ಖ್ಯಾತಿಯಲ್ಲ, ಅವನ ಕೆಲಸದ ಕ್ರಮ. ಸ್ಥಳವನ್ನು ಪರೀಕ್ಷಿಸಿದನು, ಕುರುಹುಗಳನ್ನು ಜೋಪಾನ ಮಾಡಿದನು, ತಕ್ಕ ಕಾಲಕ್ಕೆ ತಕ್ಕ ಸಭೆಯ ಮುಂದಿಟ್ಟನು. ಮೂರನೆಯದಾಗಿ, ಅವನು ಹೇಳಿದ ಕಥೆಗಳ ತಾತ್ಪರ್ಯವು ಅರಸನಿಗೆ ಅನ್ವಯಿಸುವಷ್ಟೇ ಆರಕ್ಷಕನಿಗೂ ಅನ್ವಯಿಸುತ್ತದೆ. ರಕ್ಷಣೆಗಾಗಿ ಠಾಣೆಯ ಮೆಟ್ಟಿಲೇರಿದವನಿಗೆ ಅಲ್ಲಿಯೇ ಭಯ ಹುಟ್ಟಿದರೆ ಅವನು ಮತ್ತೆಲ್ಲಿಗೆ ಹೋಗಬೇಕು?

ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಗಳು ಇಪ್ಪತ್ತೆರಡು ಪರೀಷಹಗಳನ್ನು ಎಣಿಸಿದ್ದಾರೆ. ಹಸಿವು, ಬಾಯಾರಿಕೆ, ಶೀತ, ಉಷ್ಣಗಳ ಸಾಲಿನಲ್ಲಿಯೇ ಆಕ್ರೋಶ ಪರೀಷಹವೂ ಸೇರಿದೆ. ಆಕ್ರೋಶವೆಂದರೆ ಕಟುನುಡಿ, ಬೈಗುಳ, ಅವಹೇಳನ. ಬಿಸಿಲಿನಷ್ಟೇ ನಿಜವಾಗಿ ಮಾತೂ ಸುಡುತ್ತದೆ ಎಂಬುದನ್ನು ಆಚಾರ್ಯರು ಒಪ್ಪಿಕೊಂಡಿದ್ದಾರೆ. ‘ಮಾತಿನಿಂದ ಮೈಗೆ ಗಾಯವಾಗದು’ ಎಂದು ಹಗುರವಾಗಿ ತಳ್ಳಿಹಾಕಿಲ್ಲ. ಇನ್ನೂ ಗಮನಾರ್ಹವಾದದ್ದು ಸತ್ಕಾರ-ಪುರಸ್ಕಾರ ಪರೀಷಹ. ಮರ್ಯಾದೆ ದೊರೆಯದಿದ್ದಾಗ ಕುಗ್ಗದಿರುವುದು, ದೊರೆತಾಗ ಹಿಗ್ಗದಿರುವುದು ಎರಡೂ ಅದರಲ್ಲಿ ಅಡಕವಾಗಿವೆ. ಪರೀಷಹಗಳನ್ನು ಏಕೆ ಸಹಿಸಬೇಕೆಂಬುದಕ್ಕೆ ಸೂತ್ರಕಾರರು ಕೊಡುವ ಕಾರಣಗಳು ಎರಡೇ: ಹಿಡಿದ ದಾರಿಯಿಂದ ಜಾರದಿರಲು, ಕರ್ಮನಿರ್ಜರೆಯಾಗಲು. ಬೈದವನನ್ನು ಮೆಚ್ಚಿಸುವುದಾಗಲಿ, ಮುಂದೆ ಮರ್ಯಾದೆ ಬಂದೀತೆಂಬ ಆಸೆಯಾಗಲಿ ಅಲ್ಲಿಲ್ಲ.

ಈ ವಿವೇಚನೆ ಆರಕ್ಷಕನಿಗೆ ಬಹಳ ಹತ್ತಿರದ್ದು. 2025ರ ಅಕ್ಟೋಬರಿನಲ್ಲಿ ಕರ್ನಾಟಕದ ಪೊಲೀಸ್ ಪೇದೆಗಳಿಗೆ ಹಳೆಯ ಅಗಲ ಅಂಚಿನ ಟೋಪಿಗೆ ಬದಲಾಗಿ ಹೊಸ ಮಾದರಿಯ ಟೋಪಿಯನ್ನು ಕೊಡಲಾಯಿತು. ಬಹುಕಾಲದ ಕೋರಿಕೆಯೊಂದು ಈಡೇರಿದ್ದು ಸಂತೋಷದ ವಿಷಯವೇ. ಆದರೆ ಟೋಪಿ ಬದಲಾದಷ್ಟು ಸುಲಭವಾಗಿ ಜನರ ನೋಟ ಬದಲಾಗದು. ಹೊರಗಿನಿಂದ ಬರುವ ಸತ್ಕಾರಕ್ಕೆ ಕಾದು ಕುಳಿತ ಮನಸ್ಸು ಒಂದು ದಿನದ ಅವಮಾನಕ್ಕೆ ಕುಸಿಯುತ್ತದೆ. ಕುಸಿದ ಮನಸ್ಸು ಎರಡು ಕಡೆಗೆ ಹರಿಯಬಹುದು. ಒಂದು ಕ್ರೋಧ: ಬಲ್ಲಿದನಿಂದಾದ ಅವಮಾನವನ್ನು ಮರುದಿನ ಠಾಣೆಗೆ ಬಂದ ಬಡ ಕೂಲಿಯವನ ಮೇಲೆ ತೀರಿಸಿಕೊಳ್ಳುವುದು. ಮತ್ತೊಂದು ಪ್ರಮಾದ: ಯಾರು ಏನಾದರೆ ತನಗೇನು ಎಂದು ಕಣ್ಣು ಮುಚ್ಚುವುದು. ಎರಡರಲ್ಲಿಯೂ ನೋಯುವವನು ಅವಮಾನ ಮಾಡಿದವನಲ್ಲ, ಬೇರೆ ಗತಿಯಿಲ್ಲದ ನಿರ್ದೋಷಿ. ಆದ್ದರಿಂದಲೇ ಆರಕ್ಷಕನ ಉತ್ಸಾಹಭಂಗವು ಅವನ ಸ್ವಂತ ವಿಷಯವಾಗಿ ಉಳಿಯುವುದಿಲ್ಲ.

ಇಲ್ಲಿ ನ್ಯಾಯವಾದ ಆಕ್ಷೇಪವೊಂದು ಏಳುತ್ತದೆ. ಪರೀಷಹಜಯವು ಸರ್ವಸಂಗಪರಿತ್ಯಾಗಿಯಾದ ಮುನಿಗೆ ಹೇಳಿದ್ದು. ಸಂಬಳಕ್ಕೆ ದುಡಿಯುವ, ಹೆಂಡತಿ ಮಕ್ಕಳಿರುವ, ಬಾಡಿಗೆ ಸಾಲಗಳ ಚಿಂತೆಯಿರುವ ಪೇದೆಯಿಂದ ಅದನ್ನು ಅಪೇಕ್ಷಿಸುವುದು ಸರಿಯೆ? 2016ರಲ್ಲಿ ಕರ್ನಾಟಕದ ಪೊಲೀಸ್ ಸಿಬ್ಬಂದಿಯ ಹೆಸರಿನಲ್ಲಿ ಜೂನ್ 4ರಂದು ಸಾಮೂಹಿಕ ರಜೆಯ ಕರೆಯೊಂದು ಹೊರಟಿತು. ಕಡಿಮೆ ವೇತನ, ವಾರದ ರಜೆ ಸಿಗದಿರುವುದು, ಮೇಲಧಿಕಾರಿಗಳ ಮನೆಗೆಲಸ, ಕಿರುಕುಳ ಇವು ಅಂದು ಕೇಳಿಬಂದ ದೂರುಗಳು. ಸರ್ಕಾರವು ಅದನ್ನು ಶಿಸ್ತಿನ ಪ್ರಶ್ನೆಯಾಗಿ ಕಂಡು ಕಠಿಣ ಕ್ರಮಕ್ಕೆ ಮುಂದಾಯಿತು. ಬಳಿಕ ಔರಾದ್ಕರ್ ಸಮಿತಿಯ ಶಿಫಾರಸಿನ ಆಧಾರದ ಮೇಲೆ 2019ರಲ್ಲಿ ವೇತನ ಪರಿಷ್ಕರಣೆಯ ಆದೇಶವೂ ಹೊರಟಿತು. ಶಿಸ್ತಿನ ಪಡೆಯೊಂದು ಬಾಯಿ ತೆರೆಯುವ ಸ್ಥಿತಿ ಬಂದಿತೆಂದರೆ ಸಹನೆಯ ಉಪದೇಶವಷ್ಟೇ ಸಾಲದೆಂಬುದು ಸ್ಪಷ್ಟ.

ಈ ಆಕ್ಷೇಪಕ್ಕೆ ಆಗಮದಲ್ಲಿಯೇ ಉತ್ತರವಿದೆ. ತಾನಾಗಿ ಆರಿಸಿಕೊಳ್ಳದೆ, ಪರಾಧೀನನಾಗಿ ಅನುಭವಿಸುವ ಕಷ್ಟದಿಂದ ಆಗುವುದು ಅಕಾಮ ನಿರ್ಜರೆ. ಅರಿವಿನಿಂದ, ಸಂಕಲ್ಪಪೂರ್ವಕವಾಗಿ ಸಹಿಸಿದಾಗ ಆಗುವುದು ಸಕಾಮ ನಿರ್ಜರೆ. ಹೊರಗಿನ ಬಿಸಿಲು ಎರಡರಲ್ಲಿಯೂ ಒಂದೇ. ಒಳಗಿನ ಭಾವ ಬೇರೆ. ರಜೆಯಿಲ್ಲದೆ ನಿಲ್ಲಿಸಲ್ಪಟ್ಟ ಪೇದೆಯ ಕಷ್ಟವನ್ನು ಮೇಲಧಿಕಾರಿಯಾಗಲಿ, ಸಮಾಜವಾಗಲಿ ‘ತಪಸ್ಸು’ ಎಂದು ಕರೆಯುವಂತಿಲ್ಲ. ಇನ್ನೊಬ್ಬನ ಮೇಲೆ ಹೇರಿದ ಪರೀಷಹಕ್ಕೆ ಹಿಂಸೆಯೆಂದೇ ಹೆಸರು. ಸಹನೆಯು ತಾನು ತಳೆಯಬೇಕಾದ ವ್ರತವೇ ಹೊರತು ಪರರಿಂದ ವಸೂಲು ಮಾಡಬಹುದಾದ ತೆರಿಗೆಯಲ್ಲ. ಆದರೆ ಅನ್ಯಾಯವನ್ನು ಕ್ರಮವರಿತು ಪ್ರಶ್ನಿಸುತ್ತಲೇ, ಅದು ಸರಿಹೋಗುವವರೆಗೆ ತನ್ನ ಮುಂದೆ ನಿಂತ ನೊಂದವನಿಗೆ ಮೋಸವಾಗದಂತೆ ನಡೆದುಕೊಳ್ಳುತ್ತೇನೆ ಎಂದು ಪೇದೆಯು ಸ್ವತಃ ನಿಶ್ಚಯಿಸಿದರೆ, ಅದೇ ಬಿಸಿಲು ಅವನಿಗೆ ಬೇರೆಯಾಗುತ್ತದೆ. ಆ ನಿಶ್ಚಯವನ್ನು ಯಾವ ಸವಾರನ ಬೈಗುಳವೂ ಕಸಿದುಕೊಳ್ಳಲಾರದು, ಏಕೆಂದರೆ ಅದು ಅವನು ಕೊಟ್ಟದ್ದಲ್ಲ.

ಆಕ್ರೋಶವನ್ನು ಸಹಿಸುವುದಕ್ಕೂ ವಿಮರ್ಶೆಗೆ ಕಿವುಡಾಗುವುದಕ್ಕೂ ಅಂತರವಿದೆ. ಮಾಡದ ತಪ್ಪಿಗೆ ಬರುವ ನಿಂದೆ ಪರೀಷಹ. ಮಾಡಿದ ತಪ್ಪಿಗೆ ಬರುವ ನಿಂದೆ ಆಲೋಚನೆ-ಪ್ರತಿಕ್ರಮಣಗಳಿಗೆ ಕರೆ. ಎರಡನ್ನೂ ‘ಜನರ ಅಗೌರವ’ವೆಂಬ ಒಂದೇ ಮೂಟೆಯಲ್ಲಿ ಕಟ್ಟಿದರೆ ಆತ್ಮವಂಚನೆಯಾಗುತ್ತದೆ. ಸರ್ವೋಚ್ಚ ನ್ಯಾಯಾಲಯವು 2006ರ ಸೆಪ್ಟೆಂಬರ್ 22ರಂದು ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ನೀಡಿದ ನಿರ್ದೇಶನಗಳಲ್ಲಿ ಎರಡು ಬಗೆಯ ಕಾಳಜಿ ಒಟ್ಟಾಗಿ ಬಂದಿರುವುದು ಗಮನಾರ್ಹ. ಅಧಿಕಾರಿಗಳಿಗೆ ನಿಶ್ಚಿತ ಅವಧಿ ಇರಬೇಕು, ಅನುಚಿತ ಒತ್ತಡದಿಂದ ರಕ್ಷಣೆ ಬೇಕು ಎಂದಂತೆಯೇ, ಪೊಲೀಸರ ಮೇಲಿನ ದೂರುಗಳನ್ನು ವಿಚಾರಿಸುವ ಪ್ರಾಧಿಕಾರವೂ ಬೇಕು ಎಂದು ಅದು ಹೇಳಿತು. ಪ್ರಾಮಾಣಿಕನಿಗೆ ಎರಡನೆಯದು ಭಯವಲ್ಲ. ತನ್ನ ಬಗೆಯವರ ಹೆಸರನ್ನು ಕೆಡಿಸುವವರಿಂದ ಬಿಡುಗಡೆ.

ಇನ್ನು ಸಮಾಜದ ಕಡೆಗೆ ತಿರುಗಿದರೆ, ಶ್ರಾವಕರು ತಮ್ಮನ್ನು ತಾವು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಕಡಿಮೆಯಿಲ್ಲ. 2013ರ ಜುಲೈನಲ್ಲಿ ಮೂಡಬಿದಿರೆಯಲ್ಲಿ ಅಮೂಲ್ಯ ಜಿನಬಿಂಬಗಳು ಕಳವಾದಾಗ ಸಮಾಜವು ನೋಡಿದ್ದು ಪೊಲೀಸರ ಕಡೆಗೇ. 2023ರ ಜುಲೈನಲ್ಲಿ ಚಿಕ್ಕೋಡಿ ತಾಲ್ಲೂಕಿನ ಹಿರೇಕೋಡಿಯ ಆಚಾರ್ಯ ಕಾಮಕುಮಾರ ನಂದಿ ಮಹಾರಾಜರ ಹತ್ಯೆಯಾದಾಗ ನಾಡಿನ ಜೈನರೆಲ್ಲ ಕಣ್ಣೀರಿಟ್ಟರು, ಬೀದಿಗಿಳಿದು ನ್ಯಾಯ ಕೇಳಿದರು. ಅಂದು ಆರೋಪಿಗಳನ್ನು ಹಿಡಿದು, ಬಳಕೆಯಲ್ಲಿಲ್ಲದ ಕೊಳವೆಬಾವಿಯನ್ನು ಅಗೆಯಿಸಿ, ಮುನಿವರ್ಯರ ಛಿದ್ರವಾದ ಪಾರ್ಥಿವ ಶರೀರವನ್ನು ಹೊರತೆಗೆಯಿಸುವ ಘೋರ ಕಾರ್ಯದ ಮುಂದೆ ನಿಂತವರು ಪೊಲೀಸರೇ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ನಿರ್ವಿಚಿಕಿತ್ಸೆಯೊಂದು. ರೋಗಪೀಡಿತ ಮುನಿಯ ಸೇವೆಯಲ್ಲಿ ಹೇಸದೆ ನಿಂತ ಉದ್ದಾಯನ ರಾಜನು ಅದಕ್ಕೆ ದೃಷ್ಟಾಂತ. ಎಲ್ಲರೂ ಮುಖ ತಿರುಗಿಸುವ ರಸ್ತೆ ಅಪಘಾತದ, ಕೆರೆಯಲ್ಲಿ ತೇಲಿದ, ಅನಾಥವಾಗಿ ಬಿದ್ದ ಶವದ ಬಳಿ ಹೇಸದೆ ನಿಲ್ಲುವವನಲ್ಲಿ ಆ ಗುಣದ ಒಂದು ಕಣವನ್ನಾದರೂ ಕಾಣಬಾರದೆ?

ತತ್ತ್ವಾರ್ಥಸೂತ್ರವು ಪರನಿಂದೆ, ಆತ್ಮಪ್ರಶಂಸೆಗಳನ್ನು ನೀಚಗೋತ್ರ ಕರ್ಮದ ಆಸ್ರವಕ್ಕೆ ಕಾರಣವೆಂದು ಹೇಳುತ್ತದೆ. ಒಬ್ಬ ಪೇದೆ ಲಂಚ ತಿಂದನೆಂದು ಇಡೀ ವರ್ಗವನ್ನು ಮನೆಯ ಮಕ್ಕಳ ಮುಂದೆ ಹಳಿಯುವುದು ಪರನಿಂದೆಯೇ. ಅದೇ ಗ್ರಂಥವು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮವನ್ನು, ಎಂದರೆ ರಾಜ್ಯದ ನಿಯಮವನ್ನು ಮೀರಿ ನಡೆಯುವುದನ್ನು, ಕೂಡಿಸಿದೆ. ನಿಯಮ ಮೀರಿ ಸರಕನ್ನು ಹೇರಿದ ಲಾರಿಯನ್ನು ದಾಟಿಸಲು ಕೈ ಬೆಚ್ಚಗೆ ಮಾಡುವ ವ್ಯಾಪಾರಿ, ಮಗನ ವಾಹನವನ್ನು ಬಿಡಿಸಲು ಪ್ರಭಾವ ಬಳಸುವ ತಂದೆ, ಸಂಜೆ ಜಗಲಿಯಲ್ಲಿ ಕುಳಿತು ಪೊಲೀಸರ ಭ್ರಷ್ಟತೆಯನ್ನು ಖಂಡಿಸಿದರೆ ಆ ಖಂಡನೆಗೆ ಬೆಲೆಯೇನು? ಕೊಟ್ಟವನೂ ತೆಗೆದುಕೊಂಡವನೂ ಒಂದೇ ತಕ್ಕಡಿಯ ಎರಡು ತಟ್ಟೆಗಳು.

ಎಂಟು ಅಂಗಗಳಲ್ಲಿ ಇನ್ನೊಂದು ಸ್ಥಿತೀಕರಣ. ಜಾರುತ್ತಿರುವವನನ್ನು ದೂಡದೆ, ಕೈಹಿಡಿದು ಮತ್ತೆ ದಾರಿಯಲ್ಲಿ ನಿಲ್ಲಿಸುವುದು ಅದರ ಅರ್ಥ. ಅದಕ್ಕೆ ಪ್ರಸಿದ್ಧ ದೃಷ್ಟಾಂತ ಶ್ರೇಣಿಕನ ಮಗ ವಾರಿಷೇಣ. ಶ್ಮಶಾನದಲ್ಲಿ ಕಾಯೋತ್ಸರ್ಗದಲ್ಲಿ ನಿಂತಿದ್ದ ಅವನ ಮುಂದೆ ಕಳ್ಳನು ಕದ್ದ ಹಾರವನ್ನು ಎಸೆದು ಓಡಿದಾಗ, ಬೆನ್ನಟ್ಟಿ ಬಂದ ಆರಕ್ಷಕರು ಅವನನ್ನೇ ಕಳ್ಳನೆಂದು ಬಗೆದರು. ಪ್ರಾಣದಂಡನೆಯವರೆಗೆ ವಿಷಯ ಹೋಯಿತು. ಆರಕ್ಷಕರ ತಪ್ಪಿನಿಂದ ಇಷ್ಟು ನೊಂದವನು ದ್ವೇಷವನ್ನು ಹೊತ್ತು ನಡೆಯಲಿಲ್ಲ. ಮುಂದೆ ಮುನಿಯಾಗಿ, ವ್ರತದಲ್ಲಿ ಮನಸ್ಸು ಚಂಚಲವಾಗಿದ್ದ ಗೆಳೆಯನನ್ನು ಮತ್ತೆ ಸ್ಥಿರಗೊಳಿಸಿದನು. ತಾನು ಅನ್ಯಾಯವನ್ನು ಉಂಡವನೇ ಇನ್ನೊಬ್ಬನ ನಿಷ್ಠೆಯನ್ನು ಕಾಪಾಡಿದನೆಂಬುದರಲ್ಲಿ ಇಂದಿನ ಸಮಾಜಕ್ಕೆ ದೊಡ್ಡ ಪಾಠವಿದೆ.

ಸ್ಥಿತೀಕರಣಕ್ಕೆ ಬಹು ಧನವೇನೂ ಬೇಕಿಲ್ಲ. ಹುಣಸೂರು ಬಳಿಯ ಗೊಮ್ಮಟಗಿರಿಯ ಮಸ್ತಕಾಭಿಷೇಕದಂತಹ ಸಂದರ್ಭದಲ್ಲಿ ಬೆಳಗಿನಿಂದ ಬಂದೋಬಸ್ತಿಗೆ ನಿಂತವರಿಗೆ ನೆರಳು, ನೀರು, ಹೊತ್ತಿಗೆ ಸರಿಯಾಗಿ ಊಟ ದೊರೆಯುವಂತೆ ನೋಡಿಕೊಳ್ಳುವುದು ಆಡಳಿತ ಮಂಡಳಿಗಳಿಗೆ ಅಸಾಧ್ಯವಲ್ಲ. ವೇದಿಕೆಯ ಮೇಲೆ ಹಿರಿಯ ಅಧಿಕಾರಿಗೆ ಶಾಲು ಹೊದಿಸುವಂತೆಯೇ ಬಾಗಿಲಲ್ಲಿ ನಿಂತ ಪೇದೆಯೊಡನೆ ಒಂದು ಸೌಜನ್ಯದ ಮಾತಾಡುವುದು, ಬಸದಿಯ ಬಿಂಬಗಳ ಪಟ್ಟಿ, ಛಾಯಾಚಿತ್ರಗಳನ್ನು ಸಿದ್ಧವಾಗಿಟ್ಟು ತನಿಖೆಗೆ ನೆರವಾಗುವುದು, ಕಂಡದ್ದನ್ನು ಅಂಜದೆ ಸಾಕ್ಷಿ ಹೇಳುವುದು, ಅನ್ಯಾಯ ನಡೆದರೆ ಹೆಸರು ಹಾಕಿ ಕ್ರಮಬದ್ಧವಾಗಿ ದೂರು ಕೊಡುವುದು ಇವೆಲ್ಲ ಸ್ಥಿತೀಕರಣದ ರೂಪಗಳೇ. ಕಡೆಯದೂ ಅಷ್ಟೇ ಮುಖ್ಯ. ಬೆನ್ನ ಹಿಂದೆ ಬೈಯುವುದಕ್ಕಿಂತ ಎದುರು ನಿಂತು ದೂರುವುದು ಹೆಚ್ಚು ಗೌರವದ ನಡೆ.

1992ರ ಆಗಸ್ಟ್ 14ರಂದು ಮೀಣ್ಯಂ ಬಳಿ ವೀರಪ್ಪನ್ ತಂಡದ ಹೊಂಚುದಾಳಿಯಲ್ಲಿ ಮೈಸೂರು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿ ಹರಿಕೃಷ್ಣ, ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಮತ್ತು ಅವರೊಡನಿದ್ದ ಸಿಬ್ಬಂದಿ ಮಡಿದರು. ಪ್ರತಿವರ್ಷ ಅಕ್ಟೋಬರ್ 21ರಂದು, 1959ರಲ್ಲಿ ಲಡಾಖಿನ ಗಡಿಯಲ್ಲಿ ಮಡಿದವರ ನೆನಪಿನಲ್ಲಿ ಆಚರಿಸುವ ಪೊಲೀಸ್ ಹುತಾತ್ಮರ ದಿನದಂದು, ಇಂಥವರಿಗೆಲ್ಲ ಹೂಮಾಲೆ ಸಲ್ಲುತ್ತದೆ. ಸತ್ತವರಿಗೆ ಸಲ್ಲುವ ಮರ್ಯಾದೆಯಲ್ಲಿ ಒಂದು ಪಾಲು ಬದುಕಿ ದುಡಿಯುವವರಿಗೆ ಸಲ್ಲುವುದು ಸಮಾಜದ ಕರ್ತವ್ಯ. ಅದು ಸಲ್ಲದಿದ್ದಾಗಲೂ ದಾರಿಯಿಂದ ಜಾರದಿರುವುದು ಆರಕ್ಷಕನ ಧರ್ಮ. ಒಂದು ಕರ್ತವ್ಯವು ಇನ್ನೊಂದಕ್ಕಾಗಿ ಕಾಯಬೇಕಿಲ್ಲ. ಯಮದಂಡನು ಕನ್ನದ ಬಾಯಿಯಲ್ಲಿ ಕುರುಹುಗಳನ್ನು ಆಯ್ದುಕೊಂಡಾಗ ಅವನ ಪರವಾಗಿ ಯಾರೂ ನಿಂತಿರಲಿಲ್ಲ. ಮಹಾಜನರು ಎದ್ದು ನಿಂತದ್ದು ಏಳನೆಯ ದಿನ. ನಡುವಿನ ಆರು ದಿನಗಳನ್ನು ಅವನು ತನ್ನ ಕೆಲಸದ ನೆರವಿನಿಂದಲೇ ಕಳೆದನು. ಆ ಆರು ದಿನಗಳನ್ನು ಮೂರಕ್ಕೆ, ಎರಡಕ್ಕೆ ಇಳಿಸುವುದು ಇಂದಿನ ಮಹಾಜನರ ಕೈಯಲ್ಲಿದೆ.